ಎರಡನೇ ಮಹಡಿಯ ಗದ್ದೆ

ಭತ್ತದ ವಿಷಯದಲ್ಲಿ ಶ್ರೀವತ್ಸನಿಗೆ ಗೊತ್ತಿದ್ದುದು ಇಷ್ಟೇ: ಅದು ಎಲ್ಲೋ ಬೆಳೆಯುತ್ತದೆ, ಆಮೇಲೆ ಅಕ್ಕಿಯಾಗಿ ಚೀಲದಲ್ಲಿ ಮನೆಗೆ ಬರುತ್ತದೆ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಹುಟ್ಟಿ, ದಿಲ್ಲಿಯ ವಸಂತ್ ಕುಂಜ್‌ನಲ್ಲಿ ಸಂಸಾರ ಹೂಡಿ, ಓಖ್ಲಾದ ಉಡುಪು ರಫ್ತು ಕಂಪನಿಯೊಂದರಲ್ಲಿ ಅಂಗಿಯ ಗುಂಡಿಗಳು ಗಟ್ಟಿಯಾಗಿವೆಯೇ ಎಂದು ಎಳೆದು ನೋಡುವ ವಿಭಾಗಕ್ಕೆ ಮುಖ್ಯಸ್ಥನಾಗಿದ್ದ ಮನುಷ್ಯನಿಗೆ ಇದಕ್ಕಿಂತ ಹೆಚ್ಚು ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಅಂಥವನು ಸೆಪ್ಟೆಂಬರ್ ತಿಂಗಳ ಒಂದು ಮಧ್ಯಾಹ್ನ, ತಾನೇ ಭತ್ತ ಬೆಳೆಯುತ್ತೇನೆಂದು ನೆಂಟರಿಷ್ಟರ ಎದುರು ಘೋಷಿಸಿಬಿಟ್ಟ. ಕಾರಣ ಮಾವ. ಗಂಡಸರು ಮಾಡುವ ಅವಿವೇಕಗಳಲ್ಲಿ ಅರ್ಧಕ್ಕೆ ಮಾವಂದಿರೇ ಕಾರಣರೆಂಬುದನ್ನು ಯಾರಾದರೂ ಸಂಶೋಧನೆ ಮಾಡಿ ತೋರಿಸಿದರೆ ಒಳ್ಳೆಯದು.

ಮಾವ ಕರ್ನಲ್ ನಾಚಪ್ಪ ಕೊಡಗಿನವರು. ಸೈನ್ಯದಿಂದ ನಿವೃತ್ತರಾದ ಮೇಲೆ ಹೆಂಡತಿ ದೇವಮ್ಮನೊಂದಿಗೆ ನೋಯ್ಡಾದಲ್ಲಿ ನೆಲೆಸಿದ್ದರು. ಅವರು ನಿವೃತ್ತರಾದದ್ದು ಸೈನ್ಯಕ್ಕೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಮಗಳು ಚೋಂದಮ್ಮ ಮೈಸೂರಿನ ಸಸ್ಯಾಹಾರಿ ಹುಡುಗನೊಬ್ಬನನ್ನು ಮದುವೆಯಾಗುತ್ತೇನೆಂದಾಗ ಅವರು ಬೇಡವೆನ್ನಲಿಲ್ಲ. ಆದರೆ ಮದುವೆಯಾಗಿ ಎಂಟು ವರ್ಷವಾದರೂ ಆ ಮನೆಯ ಹಬ್ಬಗಳಲ್ಲಿ ಶ್ರೀವತ್ಸನಿಗೆ ನಿಂಬೆಹಣ್ಣು ಹಿಂಡುವುದಕ್ಕಿಂತ ದೊಡ್ಡ ಹುದ್ದೆ ಸಿಕ್ಕಿರಲಿಲ್ಲ.

ಆ ದಿನ ಕೈಲ್ ಮುಹೂರ್ತ. ಊರಿನಲ್ಲಿ ನಾಟಿ ಕೆಲಸ ಮುಗಿದು, ಕೋವಿಗಳಿಗೆ ಹೂವಿಟ್ಟು ಪೂಜೆ ಮಾಡುವ ಹಬ್ಬ. ಊಟವಾದ ಮೇಲೆ ಮಾತು ಮುಂದಿನ ಹಬ್ಬ ಹುತ್ತರಿಯ ಕಡೆ ಹೊರಳಿತು. ಹುತ್ತರಿಯೆಂದರೆ ನಿಂತ ಪೈರಿನಿಂದ ಹೊಸ ಭತ್ತದ ಕದಿರು ಕೊಯ್ದು ತಂದು ಬಾಗಿಲಿಗೆ ಕಟ್ಟಬೇಕು. ನೋಯ್ಡಾದಲ್ಲಿ ಗದ್ದೆ ಎಲ್ಲಿಂದ ಬರಬೇಕು? ಹಾಗಾಗಿ ಪ್ರತಿವರ್ಷ ಕದಿರು ಕರ್ನಲ್‌ರ ಅಣ್ಣನ ಮಗ ಕರಣ್‌ನ ತೊಡೆಯ ಮೇಲೆ ಕೂತು ವಿಮಾನದಲ್ಲಿ ಬರುತ್ತಿತ್ತು. ಹೋದ ವರ್ಷ ವಿಮಾನ ನಿಲ್ದಾಣದಲ್ಲಿ ಅದನ್ನು ಹೇಗೆ ತಿರುಗಿಸಿ ತಿರುಗಿಸಿ ನೋಡಿದರೆಂದು ಕರಣ್ ವರ್ಣಿಸಿದ. ಎಲ್ಲರೂ ನಕ್ಕರು.

"ನಗೋದಲ್ಲ," ಎಂದರು ಕರ್ನಲ್. "ಹಿಮದ ಪೋಸ್ಟ್‌ನಲ್ಲಿದ್ದಾಗಲೂ ಅಂಚೇಲಿ ತರಿಸಿ ಕಟ್ಟಿದ್ದೀನಿ. ಕದಿರಿಲ್ಲದ ಹುತ್ತರಿ ನನ್ನ ಲೈಫಲ್ಲಿ ಒಂದೂ ಇಲ್ಲ. ಆದರೆ ಬಾಡಿದ ಕದಿರು, ನೋಡು. ನಿಂತ ಪೈರಿಂದ ತೆಗೆದು ಎಷ್ಟು ವರ್ಷ ಆಯ್ತೋ."

ಈ ಹೊತ್ತಿನಲ್ಲಿ ಶ್ರೀವತ್ಸ ಬಾಯಿ ತೆರೆದ. ಅವನು ಕುಡಿದದ್ದು ತಾನೇ ಹಿಂಡಿದ ನಿಂಬೆ ಪಾನಕ, ಆದ್ದರಿಂದ ಆ ನೆಪವನ್ನೂ ಅವನ ಪರವಾಗಿ ಹೇಳುವಂತಿಲ್ಲ.

"ಈ ಸಲ ನಮ್ಮನೇಲೇ ತೆಗೆಯೋಣ ಮಾವ. ನಾನೇ ಬೆಳೀತೀನಿ. ನಿಂತ ಪೈರು."

ಎಲ್ಲರೂ ಅವನ ಕಡೆ ತಿರುಗಿದರು. ಕರ್ನಲ್ ಅಳಿಯನನ್ನು ಒಮ್ಮೆ ನೋಡಿ, ಪೂಜೆಗಿಟ್ಟ ಕೋವಿಯನ್ನೊಮ್ಮೆ ನೋಡಿ, "ಪಕ್ಕಾ?" ಎಂದರು.

"ಪಕ್ಕಾ."

"ಗುಡ್. ಕರಣ್, ಈ ವರ್ಷ ನೀನು ತರೋದು ಬೇಡ. ಶ್ರೀವತ್ಸ ಜವಾಬ್ದಾರಿ ತಗೊಂಡಿದ್ದಾನೆ."

ಮನೆಗೆ ಮರಳುವಾಗ ಕಾರಿನಲ್ಲಿ ಚೋಂದಮ್ಮ ಕೇಳಿದಳು: "ಭತ್ತ ಎಷ್ಟು ತಿಂಗಳ ಬೆಳೆ, ಗೊತ್ತಾ?"

"ನೋಡೋಣ."

"ನೋಡೋಣ ಅನ್ನೋದು ತಿಂಗಳಲ್ಲ."

ಹಿಂದಿನ ಸೀಟಿನಲ್ಲಿದ್ದ ಐದು ವರ್ಷದ ಮಗಳು ಧಾರಿಣಿ ಮುಂದಕ್ಕೆ ಬಾಗಿದಳು. "ಪಪ್ಪಾ, ನಾವು ಕಿಸಾನ್ ಆಗ್ತೀವಾ? ಟ್ರ್ಯಾಕ್ಟರ್ ಭೀ ಲೇಂಗೆ?"

ಅಲ್ಲಿಯವರೆಗೆ ಆ ಕುಟುಂಬದ ಭಾನುವಾರಗಳು ಹೌಜ್ ಖಾಸ್‌ನ ಕೆರೆಯ ಬಾತುಗಳಿಗೂ ಪಾರ್ಕಿನ ಜಾರುಬಂಡಿಗೂ ಮೀಸಲಾಗಿದ್ದವು. ಆ ಶರತ್ಕಾಲದಲ್ಲಿ ಎಲ್ಲವೂ ವ್ಯವಸಾಯಕ್ಕೆ ಹೋದವು. ಮೊದಲ ಭಾನುವಾರ ತಂದೆ ಮಗಳು ಯಮುನೆಯ ದಂಡೆಗೆ ಹೋಗಿ ಬಟ್ಟೆ ನೆನೆಸುವ ಬಕೆಟ್ಟುಗಳ ತುಂಬ ಕೆಸರು ತಂದರು. ದಾರಿಯಲ್ಲಿ ಪೊಲೀಸಿನವನು ಕಾರು ನಿಲ್ಲಿಸಿ ಬಕೆಟ್ಟಿನಲ್ಲಿ ಏನೆಂದು ಕೇಳಿದ. "ಹಮಾರಾ ಖೇತ್ ಹೈ," ಎಂದಳು ಧಾರಿಣಿ. ಗದ್ದೆಯೊಂದು ಕಾರಿನಲ್ಲಿ ಹೋಗುತ್ತಿದ್ದರೆ ಯಾವ ಕಾಯಿದೆಯಡಿ ಹಿಡಿಯಬೇಕೆಂದು ತಿಳಿಯದೆ ಅವನು ಬಿಟ್ಟುಬಿಟ್ಟ.

ಗದ್ದೆಗೆ ಜಾಗವೆಂದರೆ ಎರಡನೇ ಮಹಡಿಯ ಬಾಲ್ಕನಿ. ಪಾತ್ರೆಯೆಂದರೆ ಧಾರಿಣಿ ಕೂಸಾಗಿದ್ದಾಗಿನ ಗುಲಾಬಿ ಬಣ್ಣದ ಸ್ನಾನದ ತೊಟ್ಟಿ, ಅದರ ಒಂದು ತುದಿಯಲ್ಲಿ ಬಾತುಕೋಳಿಯ ಮುಖವಿತ್ತು. ಬೀಜಕ್ಕೆ ಶ್ರೀವತ್ಸ ಹೆಚ್ಚು ಯೋಚಿಸಲಿಲ್ಲ. ಹೋದ ಹುತ್ತರಿಯಲ್ಲಿ ಬಾಗಿಲ ಮೇಲೆ ಕಟ್ಟಿದ್ದ ಕದಿರು ಇನ್ನೂ ಅಲ್ಲೇ ಇತ್ತು. ಅದರ ಕಾಳುಗಳನ್ನೆಲ್ಲ ಉದುರಿಸಿಕೊಂಡ, ಬರೀ ಹುಲ್ಲುಕಡ್ಡಿ ಬಾಗಿಲಲ್ಲಿ ಉಳಿಯಿತು. ನೀರು ಹಾಕುವ ಕೆಲಸವನ್ನು ಧಾರಿಣಿ ತೆಗೆದುಕೊಂಡಳು. ತನ್ನ ಆಟದ ಚಹಾ ಕೆಟಲಿನಲ್ಲಿ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ, ಸಂಜೆ ಹಾಲು ಕುಡಿಯುವ ಮುಂಚೆ. ಒಂದು ಹೊತ್ತೂ ತಪ್ಪಿಸಲಿಲ್ಲ.

ಮೊಳಕೆ ಬಂತು. ಹಸಿರಾಯಿತು. ಶ್ರೀವತ್ಸ ಕಚೇರಿಯಲ್ಲಿ ಗುಂಡಿ ಎಳೆಯುವುದನ್ನು ಮಧ್ಯದಲ್ಲಿ ನಿಲ್ಲಿಸಿ ಫೋನಿನಲ್ಲಿ ಪೈರಿನ ಫೋಟೊ ನೋಡಿಕೊಳ್ಳುವಷ್ಟು ರೈತನಾದ. ದಸರಾದ ದಿನ ಕರ್ನಲ್ ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತೊಟ್ಟಿಯನ್ನು ಸುದೀರ್ಘವಾಗಿ ಪರಿಶೀಲಿಸಿದರು.

"ನೀರಿನ ಡ್ಯೂಟಿ ಯಾರದು?" ಎಂದರು.

"ನಂದು," ಎಂದಳು ಧಾರಿಣಿ, ಕೆಟಲು ಎತ್ತಿ ತೋರಿಸುತ್ತ.

"ಶಾಬಾಶ್," ಎಂದು ಕರ್ನಲ್ ಒಳಗೆ ಹೋಗಿ ಕಾಫಿ ಕುಡಿದರು. ಮಾವನಿಂದ ಆಕ್ಷೇಪಣೆ ಬರಲಿಲ್ಲವೆಂದರೆ ಅದು ಪದಕವೇ ಎಂದು ಶ್ರೀವತ್ಸ ಅರ್ಥ ಮಾಡಿಕೊಂಡ.

ತೊಂದರೆ ಕೆಳಗಿನಿಂದ ಶುರುವಾಯಿತು. ಕೆಳಗಿನ ಮನೆಯ ಮಿಸೆಸ್ ಟಂಡನ್ ಚಳಿಗಾಲಕ್ಕೆಂದು ಹೊರತೆಗೆದು ಬಿಸಿಲಿಗೆ ಹರವಿದ್ದ ರಜಾಯಿಯ ಮೇಲೆ ಗದ್ದೆಯ ನೀರು ತೊಟ್ಟಿಕ್ಕಿತು. ಆಕೆ ಮೇಲೆ ಬಂದರು. ತೊಟ್ಟಿಯನ್ನು ನೋಡಿ, "ಇಷ್ಟು ಹುಲ್ಲು ಯಾರಿಗೆ ಭಾಯಿಸಾಬ್?" ಎಂದು ಹಿಂದಿಯಲ್ಲಿ ಕೇಳಿದರು. ಶ್ರೀವತ್ಸ ಕೊಡಗಿನ ಸಂಪ್ರದಾಯವನ್ನು ಮೊದಲಿನಿಂದ ವಿವರಿಸಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಧಾರಿಣಿ ಮುಂದೆ ಬಂದಳು. "ಘಾಸ್ ನಹೀಂ ಆಂಟಿ, ಖೇತ್ ಹೈ. ಪಪ್ಪಾ ಕಿಸಾನ್ ಹೈ."

ಸಂಜೆಯ ಹೊತ್ತಿಗೆ ಬ್ಲಾಕಿಗೆಲ್ಲ ಗೊತ್ತಾಯಿತು. ಎಂಟು ವರ್ಷಗಳಿಂದ ಅವನು ಅಲ್ಲಿ 'ಮದ್ರಾಸಿ ಭಾಯಿಸಾಬ್' ಆಗಿದ್ದ. ಮೈಸೂರು ಮದ್ರಾಸಿನಲ್ಲಿಲ್ಲವೆಂದು ಹೇಳಿ ಹೇಳಿ ಸೋತಿದ್ದ. ಈಗ ಗೇಟಿನ ಗಾರ್ಡ್ ಸೆಲ್ಯೂಟ್ ಹೊಡೆದು "ಕಿಸಾನ್ ಸಾಬ್" ಎಂದ. ಭೂಗೋಳದ ತಪ್ಪಾದರೂ ತಪ್ಪಿತಲ್ಲ ಎಂದು ಶ್ರೀವತ್ಸ ಸಮಾಧಾನಪಟ್ಟ.

ಮರುವಾರ ಪಾಲಿಕೆಯಿಂದ ಸೊಳ್ಳೆ ತಪಾಸಣೆಗೆ ಒಬ್ಬಾಕೆ ಬಂದಳು. ಕೂಲರಿನಲ್ಲಿ ಇಣುಕಿ, ಹೂಕುಂಡಗಳ ತಟ್ಟೆ ಎತ್ತಿ, ಕೊನೆಗೆ ಬಾತುಕೋಳಿಯ ಮುಖದ ಮೇಲೆ ಟಾರ್ಚು ಬಿಟ್ಟಳು.

"ನಿಂತ ನೀರು," ಎಂದಳು.

"ಗದ್ದೆ," ಎಂದ ಶ್ರೀವತ್ಸ.

"ಗದ್ದೇಲಿ ನೀರು ಯಾಕೆ ನಿಲ್ಲಿಸಿದ್ದೀರಿ?"

"ಭತ್ತಕ್ಕೆ ನೀರು ನಿಲ್ಲಲೇಬೇಕು."

"ಡೆಂಗಿಗೂ ಅಷ್ಟೇ."

ಆಕೆ ಒಳ್ಳೆಯವಳು. ನೀರಿಗೆ ಮೀನು ಬಿಡಿ, ಇಲ್ಲವೇ ಹೊಗೆ ಹಾಕಿ, ಮತ್ತೆ ಬರುತ್ತೇನೆ, ಒಂದು ಸೊಳ್ಳೆಮರಿ ಕಂಡರೂ ದಂಡದ ಚಲಾನ್ ಬರೆಯುತ್ತೇನೆ ಎಂದು ತಿಳಿಸಿ ಹೋದಳು. ಮಾಡುವುದನ್ನು ಪೂರ್ತಿ ಮಾಡುವ ಶ್ರೀವತ್ಸ ಎರಡನ್ನೂ ಮಾಡಿದ. ಆ ಭಾನುವಾರದ ವಿಹಾರ ಮೀನಿನಂಗಡಿಗೆ. ಧಾರಿಣಿ ಕೆಂಪಗಿರುವವನ್ನೇ ಆರಿಸಿ ಒಂದೊಂದಕ್ಕೂ ತನ್ನ ತರಗತಿಯ ಹುಡುಗಿಯರ ಹೆಸರಿಟ್ಟಳು. ಮಾರನೆಯ ಬೆಳಿಗ್ಗೆ ಎಲ್ಲಿಂದಲೋ ಒಂದು ಬೆಳ್ಳಕ್ಕಿ ಬಂದು ಬಾತುಕೋಳಿಯ ತಲೆಯ ಮೇಲೆ ಕೂತಿತು. ಅದು ಗದ್ದೆಯೇ ಹೌದೆಂದು ಇಡೀ ವಸಂತ್ ಕುಂಜ್‌ನಲ್ಲಿ ಒಪ್ಪಿದ ಮೊದಲ ಜೀವ ಅದೇ. ಅದು ಹಾರಿಹೋದಾಗ ತರಗತಿಯ ಹುಡುಗಿಯರು ಯಾರೂ ಉಳಿದಿರಲಿಲ್ಲ. ಧಾರಿಣಿ ಒಂದು ಇಡೀ ಸಂಜೆ ಅತ್ತಳು. ಇನ್ನು ಗತಿಯೆಂದರೆ ಹೊಗೆಯೊಂದೇ.

ಶ್ರೀವತ್ಸ ದಿನಾ ಸಂಜೆ ತೊಟ್ಟಿಯ ಪಕ್ಕ ಕೆಂಡಕ್ಕೆ ಸಾಂಬ್ರಾಣಿ ಹಾಕತೊಡಗಿದ. ಸೊಳ್ಳೆಗಳು ಹೋದವು. ಆದರೆ ಅಷ್ಟರಲ್ಲಿ ನವೆಂಬರ್ ಬಂದಿತ್ತು, ದಿಲ್ಲಿಯ ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತ್ತು, ಜನ ಮೂಗಿಗೆ ಮುಸುಕು ಕಟ್ಟಿಕೊಂಡು ಹಾಲು ತರಲು ಹೋಗುತ್ತಿದ್ದರು. ಕಾಲೊನಿ ಸಂಘದ ಕಾರ್ಯದರ್ಶಿ ಛಡ್ಢಾ ಸಾಹೇಬರು ಕೆಮ್ಮುತ್ತ ವಾಕಿಂಗ್ ಹೋಗುವಾಗ ತಲೆಯೆತ್ತಿ ನೋಡಿದರು. ಬಾಲ್ಕನಿಯ ಕಂಬಿಯ ಸಂದಿನಿಂದ ಭತ್ತದ ಎಲೆಗಳು, ಅವುಗಳ ಹಿಂದೆ ದಟ್ಟವಾದ ಹೊಗೆ. ಅವರು ಫೋಟೊ ತೆಗೆದು ಕಾಲೊನಿಯ ವಾಟ್ಸಾಪ್ ಗುಂಪಿಗೆ ಹಾಕಿ ಕೆಳಗೆ ಬರೆದರು: "ಪರಾಲಿ ಎಲ್ಲೋ ದೂರದಲ್ಲಿ ಸುಡುತ್ತಾರೆ, ಅದರ ಹೊಗೆ ಇಲ್ಲಿಗೆ ಬರುತ್ತದೆ ಎಂದು ನಾವು ತಿಳಿದಿದ್ದೆವು."

ಪರಾಲಿ ಎಂದರೆ ಭತ್ತ ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಕೂಳೆ. ಅದನ್ನು ಸುಡುವುದರಿಂದಲೇ ದಿಲ್ಲಿ ಕೆಮ್ಮುತ್ತದೆಂದು ಆ ತಿಂಗಳು ಟೀವಿ ಬೇರೇನನ್ನೂ ಹೇಳುವುದಿಲ್ಲ. ಅಲ್ಲಿಯವರೆಗೆ ಬ್ಲಾಕಿನ ಕೆಮ್ಮುಗಳಿಗೆ ವಾರಸುದಾರರಿರಲಿಲ್ಲ, ಈಗ ಒಬ್ಬ ಸಿಕ್ಕಿದ. ನಮ್ಮ ಅತ್ತೆಯ ಉಬ್ಬಸ ಜಾಸ್ತಿಯಾಗಿದೆ ಎಂದು ಒಬ್ಬರು ಬರೆದರು. ನಮ್ಮ ನಾಯಿಯೂ ಸೀನುತ್ತಿದೆ ಎಂದು ಇನ್ನೊಬ್ಬರು. ಶ್ರೀವತ್ಸ ಸತ್ಯವಂತ. ಕೂಡಲೇ ಉತ್ತರ ಬರೆದ: ಇದು ಸಾಂಬ್ರಾಣಿ, ಪರಾಲಿಯಲ್ಲ. ಭತ್ತವನ್ನು ಇನ್ನೂ ಕೊಯ್ದೇ ಇಲ್ಲ.

ಗುಂಪು ಕೊನೆಯ ವಾಕ್ಯವನ್ನಷ್ಟೇ ಓದಿತು. ಕೊಯ್ದಿಲ್ಲವೆಂದರೆ ಕೊಯ್ಯುತ್ತಾನೆ, ಕೊಯ್ದಮೇಲೆ ಸುಡುತ್ತಾನೆ. ಕೊಯ್ಲು ಯಾವಾಗ ಎಂದು ಛಡ್ಢಾ ಕೇಳಿದರು. ಶ್ರೀವತ್ಸ ಹುತ್ತರಿಯ ತಾರೀಖು ತಿಳಿಸಿ, ಸಂಜೆಯ ಮುಹೂರ್ತವನ್ನೂ ನಿಮಿಷ ಸಹಿತ ಬರೆದ. ಬೆಂಕಿ ಹಚ್ಚುವವನು ಹೀಗೆ ಸಮಯ ಕೊಟ್ಟು ಹಚ್ಚುವುದನ್ನು ಆ ಕಾಲೊನಿ ಕಂಡಿರಲಿಲ್ಲ.

ಯಾರೋ ದೂರು ಕೊಟ್ಟರು. ಮಾಲಿನ್ಯ ನಿಯಂತ್ರಣದ ಕಚೇರಿಯಿಂದ ರಾವತ್ ಎಂಬ ಯುವಕ ಬಂದ. ತೊಟ್ಟಿಯನ್ನು ನೋಡಿದ, ಬಗ್ಗಿ ಅದರ ಕೆಳಗೂ ನೋಡಿದ. ಫೋನಿನಲ್ಲಿ ಇಲಾಖೆಯ ಆ್ಯಪ್ ತೆರೆದು, "ಬೇಸಾಯದ ವಿಸ್ತೀರ್ಣ? ಎಕರೆಯಲ್ಲಿ ಹೇಳಿ," ಎಂದ.

"ಒಂದು ತೊಟ್ಟಿ."

"ತೊಟ್ಟಿ ತಗೊಳ್ಳಲ್ಲ ಸರ್."

"ಸೊನ್ನೆ ಹಾಕಿ."

"ಸೊನ್ನೇನೂ ತಗೊಳ್ಳಲ್ಲ. ಕನಿಷ್ಠ ಒಂದು ಎಕರೆ ಹಾಕಿದರೇನೇ ಮುಂದಕ್ಕೆ ಹೋಗುತ್ತೆ."

ಹೀಗೆ ಶ್ರೀವತ್ಸ ಸರಕಾರದ ಲೆಕ್ಕದಲ್ಲಿ ವಸಂತ್ ಕುಂಜ್‌ನ ಎರಡನೇ ಮಹಡಿಯಲ್ಲಿ ಒಂದು ಎಕರೆ ಭತ್ತದ ಗದ್ದೆಯ ಒಡೆಯನಾದ. ವಸಂತ್ ಕುಂಜ್‌ನಲ್ಲಿ ನಿಜವಾಗಿಯೂ ಒಂದು ಎಕರೆ ಇದ್ದವನು ಓಖ್ಲಾಕ್ಕೆ ಹೋಗಿ ಗುಂಡಿ ಎಳೆಯಬೇಕಾಗಿರಲಿಲ್ಲ. ಕೊಯ್ಲಿನ ಸಂಜೆ ತಾನು ಖುದ್ದಾಗಿ ಹಾಜರಿರುತ್ತೇನೆಂದು ಹೇಳಿ ರಾವತ್ ಹೊರಟ.

ಊರಿಗೆ ಊರೇ ಕೊಯ್ಲಿಗೆ ಕಾದಿತ್ತು. ಒಂದು ರಾತ್ರಿ ಊಟ ಬಡಿಸುತ್ತ ಚೋಂದಮ್ಮ ಕೇಳಿದಳು: "ತೆನೆ ಎಲ್ಲಿ?"

"ಬರುತ್ತೆ."

"ಹಬ್ಬ ಮುಂದಿನ ವಾರ. ಎಲೆ ಮಾತ್ರ ಇದೆ. ಈ ಚಳೀಲಿ ಅದು ತೆನೆ ಬಿಡಲ್ಲ ಕಣೋ."

ಶ್ರೀವತ್ಸ ಟಾರ್ಚು ಹಿಡಿದು ಬಾಲ್ಕನಿಗೆ ಹೋದ. ಒಂದೊಂದು ಗಿಡವನ್ನೂ ಬಿಡಿಸಿ ನೋಡಿದ. ಹಸಿರು, ಹಸಿರಿನ ಹಿಂದೆ ಇನ್ನಷ್ಟು ಹಸಿರು. ಕಾಳೆಂಬುದರ ಸುಳಿವಿಲ್ಲ. ತನ್ನ ಮಾತು ನಂಬಿ ಮಾವ ಊರಿನ ಕದಿರು ಬೇಡವೆಂದಿದ್ದರು. ಹಿಮದ ಚೌಕಿಯಲ್ಲೂ ತಪ್ಪದ ಹುತ್ತರಿ ತನ್ನಿಂದ ತಪ್ಪಲಿತ್ತು. ಕರಣ್‌ಗೆ ಫೋನು ಮಾಡಿದರೆ ಅವನು ಊರಿಂದ ಆಗಲೇ ದಿಲ್ಲಿಗೆ ಬಂದಾಗಿತ್ತು. "ಕದಿರು ತರಲಿಲ್ಲ, ಬೇಡ ಅಂದಿದ್ರಲ್ಲ ಭಾವ," ಎಂದ.

ಶ್ರೀವತ್ಸ ಧೈರ್ಯ ಮಾಡಿ ಮಾವನಿಗೇ ಫೋನು ಮಾಡಿದ.

"ಹೇಳು," ಎಂದರು ಕರ್ನಲ್. "ನಮ್ಮ ಕಡೆಯವರಿಗೆಲ್ಲ ಹೇಳಿದ್ದೀನಿ, ಈ ಸಲ ನನ್ನ ಅಳಿಯನ ಮನೇಲಿ ನಿಂತ ಪೈರು ಅಂತ. ನಿಮ್ಮ ಅತ್ತೆ ಕುಡುಗೋಲಿಗೆ ಸಾಣೆ ಹಿಡಿಸಿದ್ದಾಳೆ. ಏನೋ ಹೇಳೋಕೆ ಹೊರಟೆ?"

'ನನ್ನ ಅಳಿಯ' ಎಂದು ಮಾವ ಹೇಳಿದ್ದು ಎಂಟು ವರ್ಷಗಳಲ್ಲಿ ಅದೇ ಮೊದಲು.

"ಏನಿಲ್ಲ ಮಾವ. ತಂಬಿಟ್ಟಿಗೆ ಬಾಳೆಹಣ್ಣು ಯಾವುದು ತರಲಿ ಅಂತ."

ಉಳಿದಿದ್ದ ದಾರಿ ಒಂದೇ. ಹಬ್ಬಕ್ಕೆ ಮುಂಚಿನ ಭಾನುವಾರ ಮೂವರೂ ಕಾರು ಹತ್ತಿ, ಇನ್ನೂ ಕೊಯ್ಯದ ಭತ್ತ ಹುಡುಕಿಕೊಂಡು ಹರಿಯಾಣಕ್ಕೆ ಹೊರಟರು. ಪರಾಠ, ಕಿತ್ತಳೆಹಣ್ಣು, ಧಾರಿಣಿಯ ಕೆಟಲು, ಒಂದು ಕತ್ತರಿ. ದಾರಿಯುದ್ದಕ್ಕೂ ಹೊಲಗಳೆಲ್ಲ ಬೋಳು. ಕೆಲವು ಕಡೆ ಗೋಧಿಗೆ ಆಗಲೇ ಉತ್ತಿದ್ದರು. ಒಂದು ಹಳ್ಳಿಯ ಬಳಿ ಶ್ರೀವತ್ಸ ಇಳಿದು, ಮಂಚದ ಮೇಲೆ ಹುಕ್ಕಾ ಸೇದುತ್ತಿದ್ದ ಮುದುಕರನ್ನು ತನ್ನ ಕಚೇರಿಯ ಹಿಂದಿಯಲ್ಲಿ ಕೇಳಿದ: "ಇಲ್ಲಿ ಭತ್ತ ಎಲ್ಲಿದೆ? ಸ್ವಲ್ಪ ನೋಡಬೇಕಿತ್ತು."

ದಿಲ್ಲಿ ನಂಬರಿನ ಬಿಳಿ ಕಾರು. ಇಸ್ತ್ರಿ ಮಾಡಿದ ಅಂಗಿ, 'ನೋಡಬೇಕಿತ್ತು' ಎಂಬ ಮಾತು. ಮುದುಕರು ಹುಕ್ಕಾ ಕೆಳಗಿಟ್ಟರು. ಕ್ಷಣಾರ್ಧದಲ್ಲಿ ಹಳ್ಳಿಯ ಸರಪಂಚನೇ ಬಂದ.

"ಭತ್ತವಾ? ಇಲ್ಲಿ ಯಾರೂ ಭತ್ತ ಬೆಳೆಯಲ್ಲ ಸಾಹೇಬ್," ಎಂದ ಅವನು, ಆಳೆತ್ತರದ ಹುಲ್ಲಿನ ಬಣವೆಗೆ ಒರಗಿ ನಿಂತು.

"ಮತ್ತೆ ಇದು?"

"ಇದು ಹಳೇದು. ನಮ್ಮ ಅಪ್ಪನ ಕಾಲದ್ದು."

"ನನಗೆ ಸ್ವಲ್ಪವೇ ಸಾಕು. ಒಂದು ಹಿಡಿ."

"ಒಂದು ಹಿಡೀನೂ ಸುಟ್ಟಿಲ್ಲ ಸಾಹೇಬ್. ಮಕ್ಕಳಾಣೆ."

ಶ್ರೀವತ್ಸ ತಾನು ಅಧಿಕಾರಿಯಲ್ಲವೆಂದು ಎಷ್ಟು ಹೇಳಿದನೋ ಅಷ್ಟೂ ಅವನು ದೊಡ್ಡ ಅಧಿಕಾರಿಯೇ ಇರಬೇಕೆಂದು ಅವರಿಗೆ ಖಾತ್ರಿಯಾಯಿತು. ಲಸ್ಸಿ ಬಂತು. ಬೆಲ್ಲ ಬಂತು. ಧಾರಿಣಿಯನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿ ಒಂದು ಸುತ್ತು ಹಾಕಿಸಿದರು, ಅವಳ ಮಟ್ಟಿಗೆ ಆ ಶರತ್ಕಾಲದ ಬೇಸಾಯ ಅಲ್ಲಿಗೆ ಸಾರ್ಥಕವಾಯಿತು. ದಿಲ್ಲಿಯಲ್ಲಿ ಪರಾಲಿ ಸುಡುವ ಅಪರಾಧಿ, ಹರಿಯಾಣದಲ್ಲಿ ಪರಾಲಿ ಹಿಡಿಯುವ ಅಧಿಕಾರಿ. ಎರಡೂ ಕಡೆ ಇಷ್ಟು ಗಣ್ಯನಾದ ಶ್ರೀವತ್ಸ ಡಿಕ್ಕಿಯ ತುಂಬ ಮೂಲಂಗಿ, ನೆಲಗಡಲೆ ತುಂಬಿಸಿಕೊಂಡು, ಒಂದು ಭತ್ತದ ಕಡ್ಡಿಯೂ ಇಲ್ಲದೆ ಮರಳಿದ.

ಮನೆಯ ಬಾಗಿಲಲ್ಲಿ ಧಾರಿಣಿ ಕೇಳಿದಳು: "ಪಪ್ಪಾ, ತೆನೆ ಅಂದ್ರೆ ಕ್ಯಾ ಹೋತಾ ಹೈ?"

ಶ್ರೀವತ್ಸ ದಣಿದಿದ್ದ. ಬಾಗಿಲ ಮೇಲಿನ ಹಳೆಯ ಹುಲ್ಲುಕಡ್ಡಿಯನ್ನು ತೋರಿಸಿ, "ಇದರ ತುದೀಲಿ ಅಕ್ಕಿ ಅಂಟ್ಕೊಂಡಿರುತ್ತೆ ಪುಟ್ಟ. ಅದೇ ತೆನೆ," ಎಂದ.

"ನಮ್ಮದರಲ್ಲಿ ಯಾಕಿಲ್ಲ?"

"ಬರಲಿಲ್ಲ."

"ತಾತ ಬೇಜಾರ್ ಮಾಡ್ಕೋತಾರಾ?"

"ಹೂಂ," ಎಂದ ಶ್ರೀವತ್ಸ. ಅಂದಿನಿಂದ ಅವನು ಬಾಲ್ಕನಿಯ ಕಡೆ ತಲೆಯನ್ನೂ ಹಾಕಲಿಲ್ಲ. ಹಬ್ಬದ ದಿನ ಬಾಗಿಲಲ್ಲೇ ಮಾವನ ಎದುರು ತಪ್ಪೊಪ್ಪಿಕೊಳ್ಳುವುದೆಂದು ತೀರ್ಮಾನಿಸಿ, ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡ.

ಹುತ್ತರಿಯ ಸಂಜೆ ವಾಕ್ಯಗಳಿಗೆ ಜಾಗವೇ ಸಿಗಲಿಲ್ಲ. ಮೊದಲು ಬಂದವರು ಛಡ್ಢಾ ಸಾಹೇಬರು, ಕಟ್ಟಡದ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಗಾರ್ಡ್‌ನ ಹೆಗಲಿಗೆ ಹೊರಿಸಿಕೊಂಡು. ಹಿಂದೆಯೇ ರಾವತ್. ರಜಾಯಿ ಹೊದ್ದು ಮಿಸೆಸ್ ಟಂಡನ್. ಆಮೇಲೆ ಕರಿಯ ನಿಲುವಂಗಿ ತೊಟ್ಟು, ಕೆಂಪು ರೇಷ್ಮೆಯ ಸೊಂಟಪಟ್ಟಿಗೆ ಬೆಳ್ಳಿಯ ಕತ್ತಿ ಸಿಕ್ಕಿಸಿಕೊಂಡು ಕರ್ನಲ್ ನಾಚಪ್ಪ, ದೀಪ ಹಿಡಿದ ದೇವಮ್ಮ, ಕರಣ್, ಕೊಡಗಿನ ಬಳಗ. ಕತ್ತಿಯನ್ನು ನೋಡಿದ ಛಡ್ಢಾ ಸಾಹೇಬರಿಗೆ ಅಂದು ಮೊದಲ ಬಾರಿಗೆ ಕೆಮ್ಮು ನಿಂತಿತು.

"ಮಾವ, ನಾನು ನಿಮಗೊಂದು ಮಾತು..." ಎಂದ ಶ್ರೀವತ್ಸ.

"ಮುಹೂರ್ತ ಆಗ್ತಿದೆ," ಎಂದು ಕರ್ನಲ್ ನೇರ ಬಾಲ್ಕನಿಗೆ ನಡೆದರು.

ಕದಿರು ತೆಗೆಯುವ ಮುಂಚೆ ಕೋವಿಯಿಂದ ಒಂದು ಗುಂಡು ಹಾರಿಸಬೇಕು. ವಸಂತ್ ಕುಂಜ್‌ನಲ್ಲಿ ಕೋವಿ ಹಾರಿಸುವಂತಿಲ್ಲ, ಆ ತಿಂಗಳು ಪಟಾಕಿಯನ್ನೂ ಹಚ್ಚುವಂತಿಲ್ಲ. ಆದ್ದರಿಂದ ಧಾರಿಣಿಯ ಕೈಗೆ ಗಾಳಿ ತುಂಬಿದ ಚಿಪ್ಸ್ ಪೊಟ್ಟಣ ಕೊಡಲಾಗಿತ್ತು. ತಾತ ಆಜ್ಞೆ ಕೊಟ್ಟರು. ಪೊಟ್ಟಣ ಮೊದಲ ಸಲ ಉಸ್ಸೆಂದಿತು. ಎರಡನೇ ಪೊಟ್ಟಣ ಢಂ ಎಂದಿತು, ಛಡ್ಢಾ ಸಾಹೇಬರು ಸೋಫಾದ ಮೇಲೆ ಕುಳಿತುಬಿಟ್ಟರು. ದೇವಮ್ಮ ದೀಪವನ್ನು ಹತ್ತಿರ ಹಿಡಿದರು. ಕರ್ನಲ್ ಕುಡುಗೋಲು ಹಿಡಿದು ಬಗ್ಗಿ ಪೈರನ್ನು ಎಡಗೈಯಲ್ಲಿ ಕೂಡಿಸಿಕೊಂಡರು. ಶ್ರೀವತ್ಸ ಕಣ್ಣು ಮುಚ್ಚಿಕೊಂಡ.

ಏನೂ ಕೇಳಿಸಲಿಲ್ಲ. ಕುಡುಗೋಲಿನ ಸದ್ದೂ ಇಲ್ಲ, ಬೈಗುಳವೂ ಇಲ್ಲ. ಕಣ್ಣು ಬಿಟ್ಟು ನೋಡಿದರೆ ಮಾವ ಕುಡುಗೋಲನ್ನು ಕರಣ್‌ಗೆ ಕೊಟ್ಟು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಳ್ಳುತ್ತಿದ್ದರು. ಹಸಿರು ಎಲೆಗಳ ತುದಿಯಲ್ಲಿ ಕಾಳುಗಳಿದ್ದವು. ಸಾಲಾಗಿ, ಬೆಳ್ಳಗೆ, ದೀಪದ ಬೆಳಕಿಗೆ ಹೊಳೆಯುತ್ತಿದ್ದವು. ಒಂದು ಕ್ಷಣ ಶ್ರೀವತ್ಸ ನಂಬಿಯೇಬಿಟ್ಟ. ತನ್ನ ಗದ್ದೆ ಬೆಳೆದಿದೆ ಎಂದು ಅವನ ಎದೆ ಉಬ್ಬಿತು. ಆಮೇಲೆ ಅವುಗಳ ಉದ್ದ ನೋಡಿದ. ಅಡುಗೆಮನೆಯ ಡಬ್ಬಿಯಲ್ಲಿ ಪಲಾವಿಗೆಂದು ಇಟ್ಟಿದ್ದ ಬಾಸ್ಮತಿ. ಒಂದು ಕಾಳು ಜಾರಿ ಕರ್ನಲ್‌ರ ಹೆಬ್ಬೆರಳಿಗೆ ಅಂಟಿಕೊಂಡು ಅಲ್ಲೇ ಉಳಿಯಿತು.

ರಾವತ್ ಇಣುಕಿ ನೋಡಿದ. "ಸೀದಾ ಅಕ್ಕೀನೇ ಬಂದುಬಿಟ್ಟಿದೆಯಲ್ಲ. ಸಿಪ್ಪೇನೇ ಇಲ್ಲ."

"ದಕ್ಷಿಣದವರು ಓದಿದ ಜನ," ಎಂದು ಮಿಸೆಸ್ ಟಂಡನ್ ಅವನಿಗೆ ತಿಳಿಹೇಳಿದರು. "ಅಲ್ಲೆಲ್ಲ ಹೀಗೇ ಬೆಳೆಯೋದು."

ಕರ್ನಲ್ ನಿಧಾನವಾಗಿ ಅಳಿಯನ ಕಡೆ ತಿರುಗಿದರು. ಶ್ರೀವತ್ಸ ಹೆಂಡತಿಯ ಕಡೆ ನೋಡಿದ. ಚೋಂದಮ್ಮ ತಲೆಯಾಡಿಸಿದಳು, ಅವಳಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಧಾರಿಣಿ ಒಡೆದ ಪೊಟ್ಟಣ ಹಿಡಿದುಕೊಂಡೇ ತಾತನ ಪಕ್ಕಕ್ಕೆ ನುಸುಳಿದಳು.

"ತಾತ, ಧೀರೇ ಸೇ ಕಾಟೋ. ಗೋಂದು ಇನ್ನೂ ಗೀಲಾ ಹೈ, ಒಣಗಿಲ್ಲ," ಎಂದಳು. "ತೆನೆ ಅಂದ್ರೆ ಅಕ್ಕಿ ಅಂಟ್ಕೊಂಡಿರೋದು ಅಂತ ಪಪ್ಪಾ ಹೇಳಿದ್ರು. ಅದು ತಾನಾಗೇ ಅಂಟ್ಕೊಳ್ಳಲಿಲ್ಲ. ನಾನು ಅಂಟಿಸ್ದೆ."

ಶ್ರೀವತ್ಸನಿಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂತು. ಕರ್ನಲ್ ಮೊಮ್ಮಗಳನ್ನು ನೋಡಿದರು. ಕೈ ನೀಡಿ ಕುಡುಗೋಲು ವಾಪಸು ತೆಗೆದುಕೊಂಡು, ಬಗ್ಗಿ, ಆಜ್ಞೆಯಾದಂತೆ ನಿಧಾನವಾಗಿ ಕೊಯ್ದರು. ಒಂದು ಕಾಳೂ ಬೀಳದಂತೆ ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದರು.

"ಪೊಲಿ ಪೊಲಿ ದೇವಾ," ಎಂದು ಕೂಗಿದರು. ಸಮೃದ್ಧಿಯಾಗಲಿ ದೇವರೇ ಎಂಬ ಆ ಕೂಗು ಕವಾಯತು ಮೈದಾನಕ್ಕೆ ಪಳಗಿದ ಗಂಟಲಿನಿಂದ ಹೊರಟು ಕಾಲೊನಿಯ ಗೇಟಿನವರೆಗೂ ಹೋಯಿತು. ಬಳಗವೆಲ್ಲ ದನಿಗೂಡಿಸಿತು. ರಾವತ್, ಗಾರ್ಡ್, ಮಿಸೆಸ್ ಟಂಡನ್ ತಮಗೆ ಬಂದಂತೆ ಕೂಗಿದರು.

ಕದಿರು ಹೊರಗಿನಿಂದ ಮನೆಯೊಳಗೆ ಬರಬೇಕು, ಬಾಲ್ಕನಿಯೋ ಮನೆಯೊಳಗೇ ಇದೆ. ಹಾಗಾಗಿ ಮೆರವಣಿಗೆ ಹಾಲಿನ ಮೂಲಕ ಮೆಟ್ಟಿಲವರೆಗೆ ಹೋಗಿ, ಅಲ್ಲಿ ತಿರುಗಿ, ಮತ್ತೆ ಬಾಗಿಲಿಗೆ ಬಂತು. ದೇವಮ್ಮ ಗಂಡನ ಕಾಲಿಗೆ ನೀರೆರೆದರು. ಐದು ಬಗೆಯ ಎಲೆಗಳ ಜೊತೆ ಬಾಸ್ಮತಿಯ ಕದಿರು ಬಾಗಿಲ ಮೇಲೇರಿತು. ರಾವತ್ ತೊಟ್ಟಿಯಲ್ಲುಳಿದ ಕೂಳೆಯನ್ನು ಪರಿಶೀಲಿಸಿ, ಒಂದು ಎಕರೆ, ಸುಟ್ಟಿಲ್ಲ ಎಂದು ಫೋನಿನಲ್ಲಿ ದಾಖಲಿಸಿ, ತಂಬಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡ. ಛಡ್ಢಾ ಸಾಹೇಬರು ಸಿಲಿಂಡರನ್ನು ಯಥಾಸ್ಥಾನಕ್ಕೆ ಕಳಿಸಿದರು.

ಬಳಗ ಚದುರಿದ ಮೇಲೆ ಶ್ರೀವತ್ಸ ಅತ್ತೆ ಮಾವನನ್ನು ಕಾರಿನವರೆಗೆ ಬಿಡಲು ಇಳಿದ. ಪಾತ್ರೆಗಳ ಬುಟ್ಟಿಯಿಡಲು ಕರ್ನಲ್ ಡಿಕ್ಕಿ ತೆರೆದರು. ಅಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಂತೆ ಮಲಗಿತ್ತು. ಒಂದು ತುದಿಯಿಂದ ಭತ್ತದ ತೆನೆಗಳು ಇಣುಕುತ್ತಿದ್ದವು, ಹೊಂಬಣ್ಣಕ್ಕೆ ತಿರುಗಿದ ನಿಜವಾದ ಕೊಡಗಿನ ತೆನೆಗಳು.

"ಕರಣ್ ತರಲಿಲ್ಲ ಅಂದನಲ್ಲ," ಎಂದ ಶ್ರೀವತ್ಸ.

"ಹಾಗೆ ಹೇಳು ಅಂತ ನಾನೇ ಆರ್ಡರ್ ಕೊಟ್ಟಿದ್ದೆ. ಅದು ರಿಸರ್ವ್."

"ಮತ್ತೆ ಮೇಲೆ ತರಲಿಲ್ಲ?"

"ಪೊಸಿಷನ್ ಬಿದ್ದರೆ ಮಾತ್ರ ರಿಸರ್ವ್ ತರೋದು. ನಿನ್ನ ಪೊಸಿಷನ್ ಬೀಳಲಿಲ್ಲ." ಕರ್ನಲ್ ಡಿಕ್ಕಿ ಮುಚ್ಚಿ ಕಾರು ಹತ್ತಿದರು.

ಶ್ರೀವತ್ಸ ಕಿಟಕಿಯ ಬಳಿ ಬಗ್ಗಿದ. "ಮಾವ, ದಸರಾದಲ್ಲಿ ಬಂದಾಗಲೇ ನಿಮಗೆ ಗೊತ್ತಾಗಿತ್ತಾ, ತೆನೆ ಬರಲ್ಲ ಅಂತ?"

"ಕೈಲ್ ಮುಹೂರ್ತದ ದಿನವೇ ಗೊತ್ತಿತ್ತು. ನಾಟಿ ಮುಗಿಸಿ ನಾವೆಲ್ಲ ಹಬ್ಬದೂಟ ಮಾಡ್ತಾ ಇದ್ವಿ. ನೀನು ಆವಾಗ ಬಿತ್ತೋಕೆ ಹೊರಟೆ."

"ಯಾಕೆ ಹೇಳಲಿಲ್ಲ?"

ಕರ್ನಲ್ ಕತ್ತು ಹೊರಗೆ ಹಾಕಿ ಮೇಲೆ ನೋಡಿದರು. ಎರಡನೇ ಮಹಡಿಯ ಬಾಲ್ಕನಿಯಲ್ಲಿ ದೀಪ ಉರಿಯುತ್ತಿತ್ತು. ಧಾರಿಣಿ ಕಂಬಿಯ ಬಳಿ ನಿಂತು, ಕೊಯ್ದ ಕೂಳೆಗೆ ಕೆಟಲಿನಿಂದ ನೀರು ಹಾಕುತ್ತಿದ್ದಳು. ಅದು ಕೆಳಗಿನ ಮನೆಯ ಬಾಲ್ಕನಿಗೆ ತೊಟ್ಟಿಕ್ಕುತ್ತಿತ್ತು.

"ಮಗು ನೀರು ಹಾಕ್ತಾ ಇತ್ತಲ್ಲ," ಎಂದು ಹೇಳಿ ಕರ್ನಲ್ ಕಾರು ಹೊರಡಿಸಿದರು.